ಎತ್ತರಕ್ಕಿಂತ ವೇಗವೇ ದುಬಾರಿ

ರಾಕೆಟ್ ಎಂದರೆ ಎತ್ತರಕ್ಕೆ ಏರುವ ಯಂತ್ರ ಎಂಬ ಭಾವನೆ ಉಡಾವಣಾ ಪಥದ ಲೆಕ್ಕ ಕಲಿಯಲು ಬರುವ ಹೊಸಬರಲ್ಲಿಯೂ ಇರುತ್ತದೆ. ಆದ್ದರಿಂದ ನಾನು ಅವರಿಂದ ಮೊದಲು ಮಾಡಿಸುವ ಲೆಕ್ಕ ಇದು: ಒಂದು ಕಿಲೋಗ್ರಾಂ ವಸ್ತುವನ್ನು 200 ಕಿಲೋಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 19 ಲಕ್ಷ ಜೂಲ್ ಶಕ್ತಿ ಸಾಕು, ಆದರೆ ಅದು ಅಲ್ಲಿ ನೆಲಕ್ಕೆ ಬೀಳದೆ ಭೂಮಿಯನ್ನು ಸುತ್ತುತ್ತಿರಬೇಕಾದರೆ ಸೆಕೆಂಡಿಗೆ 7.8 ಕಿಲೋಮೀಟರ್ ವೇಗ ಬೇಕು, ಆ ವೇಗಕ್ಕೆ ತಗಲುವ ಶಕ್ತಿ ಸುಮಾರು 3 ಕೋಟಿ ಜೂಲ್.

ಈ ವೇಗಕ್ಕೆ ತೆರಬೇಕಾದ ಬೆಲೆಯನ್ನು ರಷ್ಯಾದ ಕಾನ್‌ಸ್ಟಾಂಟಿನ್ ಸಿಯೊಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣ ತಿಳಿಸುತ್ತದೆ. ಹೊರಟಾಗಿನ ದ್ರವ್ಯರಾಶಿಯನ್ನು ಇಂಧನ ಉರಿದ ಮೇಲೆ ಉಳಿಯುವ ದ್ರವ್ಯರಾಶಿಯಿಂದ ಭಾಗಿಸಿ, ಆ ಅನುಪಾತದ ಸ್ವಾಭಾವಿಕ ಲಾಗರಿದಮ್ ತೆಗೆದು, ಹೊರಚಿಮ್ಮುವ ಅನಿಲದ ವೇಗದಿಂದ ಗುಣಿಸಿದರೆ ರಾಕೆಟ್ ಗಳಿಸುವ ವೇಗ ಸಿಗುತ್ತದೆ. ಇಡೀ ಕಷ್ಟ ಆ ಲಾಗರಿದಮ್‌ನಲ್ಲಿದೆ: ವೇಗ ತುಸು ತುಸುವೇ ಹೆಚ್ಚಿದರೂ ಅನುಪಾತ ಪಟ್ಟು ಪಟ್ಟಾಗಿ ಬೆಳೆಯುತ್ತದೆ. ಗುರುತ್ವ ಮತ್ತು ಗಾಳಿಯ ತಡೆಯಿಂದಾಗುವ ನಷ್ಟ ಸೇರಿ ಒಟ್ಟು ಬೇಕಾಗುವುದು ಸೆಕೆಂಡಿಗೆ ಸುಮಾರು 9.4 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಸೀಮೆಎಣ್ಣೆಯನ್ನು ದ್ರವ ಆಮ್ಲಜನಕದೊಂದಿಗೆ ಉರಿಸಿದಾಗ ಅನಿಲ ಚಿಮ್ಮುವ ವೇಗ ಸೆಕೆಂಡಿಗೆ ಸುಮಾರು 3.3 ಕಿಲೋಮೀಟರ್. ಆಗ ಅನುಪಾತ 17 ದಾಟುತ್ತದೆ. ಅಂದರೆ 17 ಟನ್ನಿನಲ್ಲಿ 16 ಟನ್ ಉರಿದುಹೋಗಬೇಕು, ಉಳಿದ ಒಂದೇ ಟನ್ನಿನಲ್ಲಿ ಟ್ಯಾಂಕು, ಎಂಜಿನ್, ಉಪಗ್ರಹ ಎಲ್ಲವೂ ಅಡಗಬೇಕು. ಬರಿದಾದ ಟ್ಯಾಂಕನ್ನು ದಾರಿಯಲ್ಲೇ ಕಳಚಿ ಹಾಕುವ ಹಂತಗಳ ಉಪಾಯ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಮೊದಲ ಕೆಲವು ಸೆಕೆಂಡುಗಳನ್ನು ಗಮನಿಸಿ. ನೂಕುಬಲವು ತೂಕದ 1.2 ಪಟ್ಟಿದ್ದರೆ, ಅದರ ಆರರಲ್ಲಿ ಐದು ಪಾಲು ತೂಕವನ್ನು ಹೊರುವುದಕ್ಕೇ ವೆಚ್ಚವಾಗುತ್ತದೆ. ಮೊದಲ 60 ಮೀಟರ್ ಏರಲು ಸುಮಾರು 8 ಸೆಕೆಂಡು ಹಿಡಿಯುತ್ತದೆ, ನೆಟ್ಟಗೆ ಏರುವ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 9.8 ಮೀಟರ್‌ನಷ್ಟು ವೇಗ ಗುರುತ್ವದ ಪಾಲಾಗುತ್ತದೆ. ಹಾಗೆಂದು ಬೇಗನೆ ಅಡ್ಡಕ್ಕೆ ತಿರುಗಿಸಿದರೆ ಕೆಳಗಿನ ದಟ್ಟ ಗಾಳಿಯಲ್ಲಿ ವೇಗ ಹೆಚ್ಚಿ, ಒತ್ತಡ ಹಾಗೂ ಶಾಖ ರಾಕೆಟ್ಟಿನ ಹೊದಿಕೆಯನ್ನೇ ಕೆಡಿಸಬಲ್ಲವು. ಆದ್ದರಿಂದ ಆರಂಭದಲ್ಲಿ ತುಸುವೇ ಓಲಿಸಿ, ಮೂತಿಯನ್ನು ಚಲನೆಯ ದಿಕ್ಕಿಗೇ ಹಿಡಿದು, ಪಥವನ್ನು ಬಾಗಿಸುವ ಕೆಲಸವನ್ನು ಗುರುತ್ವಕ್ಕೇ ಬಿಡುತ್ತೇವೆ. ನನ್ನ ಕಣ್ಣಿಗೆ ಈ ವೃತ್ತಿಯ ಅತ್ಯಂತ ಸುಂದರ ಲೆಕ್ಕವಿದು.

ಗ್ರಾಂ ಗ್ರಾಂಗಳ ಜಗಳ ನಡೆಯುವುದು ಮಾತ್ರ ಮೇಲಿನ ಹಂತದಲ್ಲಿ. ಕೆಳಹಂತದಲ್ಲಿ ಒಂದು ಕಿಲೋಗ್ರಾಂ ಹೆಚ್ಚಾದರೆ ಉಪಗ್ರಹದ ತೂಕದಲ್ಲಿ ಅದರ ಸಣ್ಣ ಅಂಶವಷ್ಟೇ ಕಡಿತವಾಗುತ್ತದೆ. ಕಕ್ಷೆಯವರೆಗೂ ಹೋಗುವ ಕೊನೆಯ ಹಂತದಲ್ಲಿ ಹೆಚ್ಚಾದ ಪ್ರತಿ ಕಿಲೋಗ್ರಾಂಗೂ ಉಪಗ್ರಹದಿಂದ ಪೂರ್ತಿ ಒಂದು ಕಿಲೋಗ್ರಾಂ ಕಳೆಯಬೇಕು.