ಕಳೆ ಔಷಧಿಗೆ ಸೋಪಿನ ಪುಡಿ ಯಾಕೆ?

ಕೋಲಾರದ ಕಡೆ ಟೊಮೆಟೊ ತೋಟದ ಬದುಗಳಲ್ಲಿ ಕಾಂಗ್ರೆಸ್ ಗಿಡಕ್ಕೆ ಔಷಧಿ ಹೊಡೆಯುವವರು ಟ್ಯಾಂಕಿಗೆ ಒಂದಿಷ್ಟು ಸೋಪಿನ ಪುಡಿ ಹಾಕುವುದುಂಟು. ಕೇಳಿದರೆ, ಎಲೆಗೆ ಅಂಟಲಿ ಅಂತ ಅನ್ನುತ್ತಾರೆ. ಮಾತು ಸರಿಯೇ, ಆದರೆ ಅರ್ಧ. ಅಂಟಿದ ಔಷಧಿ ಒಳಗೆ ಹೋಗಬೇಕಲ್ಲ?

ಎಲೆಯ ಮೇಲೆ ಕ್ಯುಟಿಕಲ್ ಎಂಬ ಮೇಣದ ಪೊರೆ ಇದೆ. ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟೂ ದಪ್ಪ ಇರುವುದಿಲ್ಲ. ಬಯಲುಸೀಮೆಯ ಬಿಸಿಲಲ್ಲಿ ಗಿಡದ ನೀರು ಆರಿಹೋಗದಂತೆ ಕಾಯುವುದು ಇದೇ. ಒಳಗಿನ ನೀರನ್ನು ಬಿಡದ ಪೊರೆ ಹೊರಗಿನದನ್ನೂ ಸುಲಭಕ್ಕೆ ಸೇರಿಸುವುದಿಲ್ಲ. ಎಕ್ಕದ ಎಲೆಗೆ ನೀರು ಚಿಮುಕಿಸಿ ನೋಡಿ, ಹನಿ ಉಂಡೆಯಾಗಿ ಉರುಳುತ್ತದೆ.

ಸೋಪಿನಂಥ, ನೀರನ್ನು ಹರಡಿಸುವ ವಸ್ತುವಿಗೆ ಸರ್ಫ್ಯಾಕ್ಟೆಂಟ್ ಅನ್ನುತ್ತಾರೆ. ಅದರ ಅಣುವಿನ ಒಂದು ತುದಿ ನೀರಿಗೆ ಒಗ್ಗುತ್ತದೆ, ಇನ್ನೊಂದು ಎಣ್ಣೆಗೆ. ಅದು ಬೆರೆತರೆ, ನೀರನ್ನು ಉಂಡೆಯಾಗಿ ಹಿಡಿದಿಡುವ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್‌ನಿಂದ 30ರ ಆಸುಪಾಸಿಗೆ ಇಳಿಯುತ್ತದೆ. ಹನಿ ಹರಡುತ್ತದೆ. ಇಷ್ಟಕ್ಕೆ ಲೀಟರಿಗೆ 1 ಗ್ರಾಂ ಸಾಮಾನ್ಯವಾಗಿ ಸಾಕು. ಆಮೇಲೆ ಎಷ್ಟು ಸುರಿದರೂ ಎಳೆತ ಇನ್ನು ಇಳಿಯದು. ಆದರೂ ಎಷ್ಟೋ ಕಳೆನಾಶಕಗಳು, ಸರ್ಫ್ಯಾಕ್ಟೆಂಟನ್ನು ಅದಕ್ಕಿಂತ ಜಾಸ್ತಿ ಹಾಕಿದಾಗ, ಇನ್ನೂ ಚೆನ್ನಾಗಿ ಎಲೆಯೊಳಗೆ ಇಳಿಯುತ್ತವೆ. ಸುಮ್ನೆ ಹರಡಿಸುವುದಷ್ಟೇ ಅದರ ಕೆಲಸವಾಗಿದ್ದರೆ ಹೀಗಾಗುತ್ತಿರಲಿಲ್ಲ ಅಲ್ವಾ?

ನಡೆಯುವುದು ಇದು: ಸರ್ಫ್ಯಾಕ್ಟೆಂಟ್ ತಾನೇ ಮೇಣದೊಳಗೆ ಸೇರಿ ಅದನ್ನು ಸಡಿಲ ಮಾಡುತ್ತದೆ. 2,4-ಡಿ ಎಸ್ಟರ್‌ನಂಥ, ಎಣ್ಣೆಯಲ್ಲಿ ಕರಗುವ ಕಳೆನಾಶಕದ ಅಣುಗಳು ಆಗ ಬೇಗ ಸಾಗುತ್ತವೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಹಾಗಲ್ಲ, ಅದು ನೀರಲ್ಲಿ ಕರಗುವ ಪೈಕಿ. ಮೇಣದಲ್ಲಿ ಅದಕ್ಕೆ ದಾರಿಯಿಲ್ಲ. ಕ್ಯುಟಿಕಲ್‌ನಲ್ಲಿ ನೀರು ಹೀರಿಕೊಂಡ ಸಣ್ಣ ಸಂದುಗಳಲ್ಲೇ ನುಸುಳಬೇಕು, ಅದೂ ಹನಿ ಒಣಗುವುದರೊಳಗೆ. ಹಾಗಾಗಿ ತೇವ ಹಿಡಿದಿಡುವ ಸರ್ಫ್ಯಾಕ್ಟೆಂಟೇ ಅದಕ್ಕೆ ಬೇಕು. ಏಪ್ರಿಲ್ ಮಧ್ಯಾಹ್ನ ಹೊಡೆದದ್ದು ಕೆಲಸ ಮಾಡದಿದ್ದರೆ ಔಷಧಿಯನ್ನೇ ಬೈಯಬೇಕಿಲ್ಲ.

ಸೋಪಿನ ಪುಡಿ ಮಾಡಿರುವುದು ಬಟ್ಟೆಯ ಕೊಳೆಗೆ. ಸಾಲದ್ದಕ್ಕೆ ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಸೋಪನ್ನೂ ಹಿಡಿದುಕೊಳ್ಳುತ್ತದೆ, ಗ್ಲೈಫೋಸೇಟನ್ನೂ ಹಿಡಿದುಕೊಳ್ಳುತ್ತದೆ. ಕೆಲವರು ನೀರಿಗೆ ಮೊದಲು ಅಮೋನಿಯಂ ಸಲ್ಫೇಟ್ ಕರಗಿಸುವುದು ಇದಕ್ಕೇ. ಅಂದಹಾಗೆ, ಗ್ಲೈಫೋಸೇಟ್ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಸರ್ಫ್ಯಾಕ್ಟೆಂಟ್ ಬೆರೆಸಿಯೇ ಕೊಟ್ಟಿರುತ್ತಾರೆ.

ಮೇಣ ಸಡಿಲ ಮಾಡುವಾಗ ಸರ್ಫ್ಯಾಕ್ಟೆಂಟ್ ಕಳೆ ಯಾವುದು, ಬೆಳೆ ಯಾವುದು ಅಂತ ನೋಡುವುದಿಲ್ಲ. ಬದುವಿಗೆ ಹೊಡೆದ 2,4-ಡಿ ಗಾಳಿಗೆ ಸ್ವಲ್ಪ ಹಾರಿದರೂ ಟೊಮೆಟೊ ಎಲೆ ಮುರುಟಿಕೊಳ್ಳುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿಯೂ ಅಷ್ಟೇ ನಾಜೂಕು.