ಮಂಗಳನಲ್ಲಿ ಗಿಡ ನೆಟ್ಟರೆ ಉಸಿರಾಟಕ್ಕೆ ಸಾಲದೇ?

ಪ್ರಶ್ನೆ: ಖಾಸಗಿ ಕಂಪನಿಗಳು ಮಂಗಳ ಗ್ರಹದಲ್ಲಿ ಊರು ಕಟ್ಟುತ್ತೇವೆ ಅನ್ನುತ್ತಿವೆ. ಗಾಜಿನ ಗುಮ್ಮಟದೊಳಗೆ ಗಿಡ ಬೆಳೆಸಿಕೊಂಡರೆ ಆಮ್ಲಜನಕದ ಚಿಂತೆ ಮುಗಿಯಿತಲ್ಲವೇ?

ಉತ್ತರ: ಮತ್ತೆ ಗಿಡ! ದೊಡ್ಡ ರಾಕೆಟ್ ಹಾರಿದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ರಾಕೆಟ್ಟಿನ ಮಾತು ಬೇಗ ಮುಗಿಸೋಣ. 2022ಕ್ಕೆ ಸರಕು, 2024ಕ್ಕೆ ಜನ ಎಂದು ಇಲಾನ್ ಮಸ್ಕ್ 2017ರಲ್ಲಿ ಗುರಿ ಹೇಳಿದ್ದರು. ಎರಡೂ ವರ್ಷ ಬಂದು ಹೋದವು. ಮಂಗಳನಲ್ಲಿ ಜನವಸತಿ ಮಾಡಲು ಹೊರಟಿದ್ದ ಮಾರ್ಸ್ ಒನ್ ಎಂಬ ಖಾಸಗಿ ಕಂಪನಿಯ ಕಥೆಯಂತೂ ಕೂಸು ಹುಟ್ಟುವ ಮುನ್ನ ಕುಲಾವಿ: ಸ್ವಂತ ರಾಕೆಟ್ ಇಲ್ಲ, ನೌಕೆ ಇಲ್ಲ, ಹೋಗಿ ಬಾರದವರ ಆಯ್ಕೆ ಮಾತ್ರ ಭರದಿಂದ ನಡೆದಿತ್ತು. 2019ರಲ್ಲಿ ದಿವಾಳಿ. ಇರಲಿ, ರಾಕೆಟ್ ಇಂದಲ್ಲ ನಾಳೆ ಆದೀತು. ನನ್ನ ತಕರಾರು ಗಾಳಿಯದು.

ಗಿಡ ಆಮ್ಲಜನಕ ಕೊಡುತ್ತದೆ, ನಿಜ. ಆದರೆ ಅದು ದಾನವಲ್ಲ, ಸಾಲ. ಎಲೆ ಕೊಳೆತರೆ, ಕಾಳನ್ನು ನಾವು ತಿಂದು ಉಸಿರಾಡಿದರೆ, ಕೊಟ್ಟಷ್ಟೂ ವಾಪಸ್ ಹೋಗುತ್ತದೆ. ಭೂಮಿಯ ವಾತಾವರಣ ಅಗಾಧ, ಈ ಕೊಡು-ಕೊಳ್ಳುವಿಕೆ ನಮಗೆ ಗೊತ್ತೇ ಆಗುವುದಿಲ್ಲ. ಡಬ್ಬಿಯೊಳಗೆ ಗೊತ್ತಾಗುತ್ತದೆ.

ಗೊತ್ತೂ ಆಯಿತು. 1991ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ಗಾಜಿನ ಲೋಕದೊಳಗೆ ಎಂಟು ಜನ ಎರಡು ವರ್ಷಕ್ಕೆಂದು ಸೇರಿಕೊಂಡರು. ಅದೂ ಖಾಸಗಿ ದುಡ್ಡೇ. ಮೂರು ಎಕರೆಗೂ ಮಿಕ್ಕ ಜಾಗ. ಕಾಡು, ಗದ್ದೆ, ಪುಟ್ಟ ಸಮುದ್ರ ಎಲ್ಲ ಇತ್ತು. ಆದರೂ ಸುಮಾರು ಶೇ 21ರಷ್ಟಿದ್ದ ಆಮ್ಲಜನಕ ಶೇ 14ರ ಆಸುಪಾಸಿಗೆ ಇಳಿಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಗಿಡಕ್ಕೆ ಸಿಗಬೇಕಾದ ಆ ಅನಿಲದ ದೊಡ್ಡ ಪಾಲನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಂಡು ಸುಣ್ಣದಕಲ್ಲಾಗಿ ಕೂತಿತ್ತು! ಗೋಡೆಯ ಮೇಲೆ ಯಾರಿಗೆ ಅನುಮಾನ ಬಂದೀತು? 1993ರ ಆರಂಭದಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಅಲ್ಲಿ ಹೊರಗೆ ಭೂಮಿ ಇತ್ತು.

ಹಾಗಾದರೆ ಗಿಡ ಹೆಚ್ಚಿಸಿ ಅನ್ನುತ್ತೀರಿ. ಅದಕ್ಕೂ ಉತ್ತರವಿದೆ. ಮಾರ್ಸ್ ಒನ್ ಯೋಜನೆಯನ್ನು 2014ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಲೆಕ್ಕಕ್ಕಿಟ್ಟು ನೋಡಿದಾಗ ಕಂಡದ್ದು ತಿರುವುಮುರುವು: ಊಟಕ್ಕೆ ಸಾಕಾಗುವಷ್ಟು ಬೆಳೆ ವಾಸದ ಕೋಣೆಯಲ್ಲೇ ಇದ್ದರೆ ಆಮ್ಲಜನಕ ಮಿತಿಮೀರಿ ಬೆಂಕಿಯ ಭಯ. ಹೊರಬಿಡೋಣವೆಂದರೆ ಜೊತೆಗೆ ಸಾರಜನಕವೂ ಹೋಗುತ್ತದೆ, ಒತ್ತಡ ಕುಸಿಯುತ್ತದೆ. ಸುಮಾರು 68 ದಿನಕ್ಕೆ ಮೊದಲ ಸಾವು ಎಂದಿತು ಲೆಕ್ಕ. ಒಂದು ಕಡೆ ಕಡಿಮೆಯಾಯಿತು, ಇನ್ನೊಂದು ಕಡೆ ಹೆಚ್ಚಾಯಿತು, ಗಿಡ ಅವೇ.

ಮಂಗಳನ ಗಾಳಿಯಿಂದ ಯಂತ್ರವೇ ಆಮ್ಲಜನಕ ತೆಗೆಯಬಹುದು ಎಂದು ನಾಸಾ ಮಂಗಳಕ್ಕೆ ಕಳಿಸಿದ ಮಾಕ್ಸಿ ಎಂಬ ಉಪಕರಣ ತೋರಿಸಿದೆ. ಹೆಮ್ಮೆಯ ಕೆಲಸ. 16 ಸಲ ಓಡಿಸಿ ಪಡೆದದ್ದು ಒಟ್ಟು 122 ಗ್ರಾಂ, ಒಬ್ಬರಿಗೆ ಮೂರೂವರೆ ಗಂಟೆಯ ಉಸಿರು.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಜನ ಅಲ್ಲಿಗೆ ಹೋದ ಮೇಲೆ ಕಂಪನಿ ಮುಳುಗಿದರೆ? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿಯವರ ಕೆಲಸಕ್ಕೂ ಅವರ ದೇಶವೇ ಹೊಣೆ. ಹೊಣೆ ಹೊತ್ತ ಸರ್ಕಾರ ಓಡಿ ಬರಲು ತಯಾರಿದ್ದರೂ ಮಂಗಳಕ್ಕೆ ಹೊರಡುವ ಅನುಕೂಲ ಸುಮಾರು 26 ತಿಂಗಳಿಗೊಮ್ಮೆ, ಆಮೇಲೆ ಆರೇಳು ತಿಂಗಳ ದಾರಿ. ಮಾರ್ಸ್ ಒನ್ ದಿವಾಳಿಯಾದ ದಿನ ಅದರ ಅಭ್ಯರ್ಥಿಗಳೆಲ್ಲ ಅವರವರ ಮನೆಯಲ್ಲೇ ಇದ್ದರು.