ಲಸಿಕೆ ಕಾರ್ಡ್ ಶಾಲೆಯ ಬಾಗಿಲಿಗೆ ಬಂದ ಬಗೆ

ಲಸಿಕೆ ಕಾರ್ಡ್ ಇಲ್ಲದೆ ಮಗುವನ್ನು ಶಾಲೆಗೆ ಸೇರಿಸಲು ಬರುವವರೆಲ್ಲ ಲಸಿಕೆ ವಿರೋಧಿಗಳಲ್ಲ. ಕಾರ್ಡ್ ಕಳೆದುಕೊಂಡವರು, ಮನೆ ಬದಲಿಸುವಾಗ ಒಂದು ಡೋಸ್ ತಪ್ಪಿಸಿಕೊಂಡವರು, ಮಗುವಿಗೆ ನೆಗಡಿಯಿದೆ ಎಂದು ಮುಂದೂಡಿ ಮರೆತವರು ಇವರಲ್ಲಿ ಬಹಳ ಮಂದಿ. ಏನೇ ಆದರೂ ಹಾಕಿಸುವುದಿಲ್ಲ ಎನ್ನುವವರು ಕಡಿಮೆ. ಆದರೂ ಕಾನೂನು, ಕೋರ್ಟು, ಪತ್ರಿಕೆ, ಮೆರವಣಿಗೆ ಎಲ್ಲ ನಡೆದದ್ದು ಆ ಕೆಲವರ ಸುತ್ತಲೇ. ಈ ಜಗಳ ಶುರುವಾಗಿ ಇನ್ನೂರು ವರ್ಷ ದಾಟಿದೆ. ಅದನ್ನು ಮೊದಲಿನಿಂದ ನೋಡುತ್ತ ಬಂದರೆ ಅನುಮಾನ ಬೇರುಬಿಟ್ಟ ಜಾಗ ಎರಡು: ಲಸಿಕೆ ಹಾಕುವಲ್ಲಿ ನಿಜಕ್ಕೂ ಆದ ತಪ್ಪು, ಮತ್ತು ದಂಡ ಹಾಕುವಲ್ಲಿ ತೋರಿಸಿದ ಒರಟುತನ. ಬರೀ ಅಜ್ಞಾನ ಎಂದು ತಳ್ಳಿಹಾಕಿದವರು ಪ್ರತಿ ಸಲವೂ ಸೋತಿದ್ದಾರೆ.

1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಮನುಷ್ಯರ ಸಿಡುಬನ್ನು ತಡೆಯಲು ದನದ ಸಿಡುಬಿನ ಕೀವಿನಿಂದ ಲಸಿಕೆಯ ಮೊದಲ ಪ್ರಯೋಗ ಮಾಡಿದಾಗ ಸೀಸೆಯೂ ಇರಲಿಲ್ಲ, ಶೀತಪೆಟ್ಟಿಗೆಯೂ ಇರಲಿಲ್ಲ. ಲಸಿಕೆಯನ್ನು ಕಾಪಾಡಿಕೊಳ್ಳಲು ಇದ್ದ ಮುಖ್ಯ ದಾರಿ ಮಗುವಿನ ತೋಳೇ. ಒಂದು ಮಗುವಿಗೆ ಲಸಿಕೆ ಹಾಕಿ ಸುಮಾರು ಎಂಟನೇ ದಿನ ಆ ಗುಳ್ಳೆಯನ್ನು ಚುಚ್ಚಿ, ಒಸರಿದ ದ್ರವವನ್ನು ಚೂಪಾದ ಸಣ್ಣ ಅಲಗಿನ ತುದಿಯಲ್ಲಿ ತೆಗೆದು ಮುಂದಿನ ಮಗುವಿನ ತೋಳಿನಲ್ಲಿ ಗೀರಿ ಹಚ್ಚುತ್ತಿದ್ದರು. 1803ರಲ್ಲಿ ಸ್ಪೇನಿನಿಂದ ಅಮೆರಿಕ ಖಂಡಕ್ಕೆ ಲಸಿಕೆ ಒಯ್ದ ಹಡಗಿನಲ್ಲಿ 22 ಅನಾಥ ಹುಡುಗರಿದ್ದರು. ಸರದಿಯ ಮೇಲೆ ಅವರ ತೋಳುಗಳಲ್ಲಿ ಗುಳ್ಳೆ ಎಬ್ಬಿಸುತ್ತ ಸಾಗರ ದಾಟಲಾಯಿತು.

ಈ ಕ್ರಮದಲ್ಲಿ ದ್ರವ ಕೊಡುವ ಮಗುವಿಗೆ ಬೇರೆ ರೋಗವಿದ್ದರೆ ಅದೂ ಜೊತೆಗೆ ಹೋಗಬಹುದಿತ್ತು. 1861ರಲ್ಲಿ ಇಟಲಿಯ ರಿವಾಲ್ಟಾದಲ್ಲಿ ಹಾಗೆಯೇ ಆಗಿ 40ಕ್ಕೂ ಹೆಚ್ಚು ಮಕ್ಕಳಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ತಗುಲಿತು. ತಾಯಂದಿರು ಹೆದರಿದ್ದು ಕಾಲ್ಪನಿಕ ಭೂತಕ್ಕಲ್ಲ. ಕರುವಿನ ಚರ್ಮದಲ್ಲೇ ಲಸಿಕೆ ಬೆಳೆಸುವ ವಿಧಾನ ಇಟಲಿಯಲ್ಲಿ ಅಷ್ಟರಲ್ಲಾಗಲೇ ಬಳಕೆಯಲ್ಲಿತ್ತು. ಆದರೆ ಬ್ರಿಟನ್ ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯನ್ನು ನಿಲ್ಲಿಸಿದ್ದು 1898ರಲ್ಲಿ. ಅಷ್ಟು ವರ್ಷ ವೈದ್ಯರು ‘ಅಪಾಯ ತೀರಾ ಕಡಿಮೆ’ ಎನ್ನುತ್ತಲೇ ಇದ್ದರು. ಆ ಮಾತು ಸುಳ್ಳಲ್ಲ, ಸಾಕಾಗುವಂಥದ್ದೂ ಅಲ್ಲ.

ಇದೇ ಹೊತ್ತಿಗೆ ಬ್ರಿಟನ್ ಕಾನೂನನ್ನು ಬಿಗಿಗೊಳಿಸುತ್ತ ಹೋಯಿತು. 1853ರ ಕಾಯ್ದೆಯ ಪ್ರಕಾರ ಮಗು ಹುಟ್ಟಿದ ಮೂರು ತಿಂಗಳೊಳಗೆ ಲಸಿಕೆ ಆಗಬೇಕು. 1867ರಲ್ಲಿ ಅದು 14 ವರ್ಷದವರೆಗಿನ ಮಕ್ಕಳಿಗೆ ವಿಸ್ತರಿಸಿತು. ದಂಡ 20 ಷಿಲ್ಲಿಂಗ್‌ವರೆಗೆ. ಒಮ್ಮೆ ಕಟ್ಟಿದರೆ ಮುಗಿಯಿತು ಎನ್ನುವಂತೆಯೂ ಇಲ್ಲ, ಅದೇ ಮಗುವಿಗಾಗಿ ಮತ್ತೆ ಮತ್ತೆ ಹಾಕಬಹುದಿತ್ತು. ಕಟ್ಟಲಾಗದ ಕೂಲಿಕಾರರ ಮನೆಯ ಮೇಜು ಕುರ್ಚಿ ಹರಾಜಾಗುತ್ತಿದ್ದವು, ಕೆಲವರು ಜೈಲಿಗೂ ಹೋದರು. ಹಣವಿದ್ದವರು ದಂಡ ಬಿಸಾಕಿ ಸುಮ್ಮನಿರುತ್ತಿದ್ದರು. 1885ರ ಮಾರ್ಚ್‌ನಲ್ಲಿ ಲೆಸ್ಟರ್ ಪಟ್ಟಣದಲ್ಲಿ ಹತ್ತಾರು ಸಾವಿರ ಜನ ಸೇರಿ ಜೆನ್ನರ್‌ನ ಪ್ರತಿಕೃತಿಯನ್ನು ನೇಣಿಗೇರಿಸಿದ್ದಕ್ಕೆ ಕಾರಣ ಹುಡುಕುವವರು ಈ ಹರಾಜುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೆಸ್ಟರ್ ಬರೀ ಕೂಗಾಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲಿ ಸಿಡುಬು ಕಂಡ ಕೂಡಲೇ ವರದಿ ಮಾಡಬೇಕಿತ್ತು. ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸಿ, ಸಂಪರ್ಕಕ್ಕೆ ಬಂದವರನ್ನು ಪ್ರತ್ಯೇಕವಾಗಿಟ್ಟು, ಬಟ್ಟೆಬರೆಯನ್ನು ಶುದ್ಧ ಮಾಡುತ್ತಿದ್ದರು. ಮುಂದೆ ಜಗತ್ತಿನಿಂದ ಸಿಡುಬನ್ನು ಅಳಿಸಿದ ಕಾರ್ಯಕ್ರಮ ಗೆದ್ದದ್ದೂ ರೋಗಿಯನ್ನು ಹುಡುಕಿ ಪ್ರತ್ಯೇಕಿಸಿ ಸುತ್ತಲಿನವರಿಗೆ ಲಸಿಕೆ ಹಾಕುವ ಉಪಾಯದಿಂದ. ವಿರೋಧಿಗಳ ಅರ್ಧ ಉಪಾಯ ಸರಿಯಿತ್ತು, ಉಳಿದರ್ಧ ಲಸಿಕೆಯೇ. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1977ರಲ್ಲಿ, ಸೊಮಾಲಿಯಾದಲ್ಲಿ.

ಬ್ರಿಟನ್ 1898ರಲ್ಲಿ ಒಂದು ಕಿಟಕಿ ತೆರೆಯಿತು. ಮನಸ್ಸಾಕ್ಷಿ ಒಪ್ಪದು ಎಂದು ನ್ಯಾಯಾಧಿಕಾರಿಗಳ ಮುಂದೆ ಮನವರಿಕೆ ಮಾಡಿಕೊಟ್ಟರೆ ವಿನಾಯಿತಿ. ಕೆಲವು ಅಧಿಕಾರಿಗಳು ಯಾರನ್ನೂ ನಂಬಲು ತಯಾರಿರಲಿಲ್ಲ. 1907ರಲ್ಲಿ ಅದನ್ನು ಸಡಿಲಿಸಿ ಬರೀ ಘೋಷಣಾ ಪತ್ರ ಸಾಕು ಎಂದಾಯಿತು. ವಿನಾಯಿತಿಯನ್ನು ಎಷ್ಟು ಸುಲಭ ಮಾಡಬೇಕು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಬಗೆಹರಿದಿಲ್ಲ.

ಅಮೆರಿಕ ಹಿಡಿದದ್ದು ಬೇರೆ ದಾರಿ. ಬಾಸ್ಟನ್ ನಗರ 1827ರಲ್ಲೇ ಶಾಲೆಗೆ ಸೇರುವ ಮಗುವಿಗೆ ಲಸಿಕೆ ಆಗಿರಬೇಕೆಂದಿತು, 1855ರಲ್ಲಿ ಇಡೀ ಮ್ಯಾಸಚೂಸೆಟ್ಸ್ ರಾಜ್ಯ ಆ ನಿಯಮ ತಂದಿತು. ಮನೆಮನೆಗೆ ಪೊಲೀಸರನ್ನು ಕಳಿಸುವ ಬದಲು ಮಕ್ಕಳು ತಾವಾಗಿಯೇ ಬರುವ ಜಾಗದಲ್ಲಿ ಕಾಗದ ಕೇಳುವುದು ಆಡಳಿತಕ್ಕೆ ಸಲೀಸು. ಲಸಿಕೆ ಹಾಕಿಸಿಕೊಳ್ಳದ ದೊಡ್ಡವರಿಗೆ ದಂಡ ಹಾಕುವ ಅಧಿಕಾರವನ್ನು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜೇಕಬ್‌ಸನ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆಗಿನ ದಂಡ 5 ಡಾಲರ್. 1922ರಲ್ಲಿ ಶಾಲೆಯ ನಿಯಮಕ್ಕೂ ಒಪ್ಪಿಗೆ ಸಿಕ್ಕಿತು. ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. 1927ರಲ್ಲಿ ಅದೇ ಕೋರ್ಟ್ ‘ಬುದ್ಧಿ ಕಡಿಮೆ’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಹೆಂಗಸೊಬ್ಬಳಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅನುಮತಿ ಕೊಟ್ಟಾಗ ಆಧಾರವಾಗಿ ಹೇಳಿದ್ದು ಜೇಕಬ್‌ಸನ್ ತೀರ್ಪನ್ನೇ. ‘ಇವತ್ತು ಲಸಿಕೆ, ನಾಳೆ ಇನ್ನೇನೋ’ ಎಂಬ ವಾದ ಕೇಳಿ ನಗುವವರಿಗೆ ಈ ಪುಟ ಗೊತ್ತಿರುವುದಿಲ್ಲ.

ಸಿಡುಬು ಹೋದ ಮೇಲೆ ಶಾಲೆಯ ಬಾಗಿಲಲ್ಲಿ ನಿಂತದ್ದು ದಡಾರ. ಅದರ ಲೆಕ್ಕ ನಿಷ್ಠುರ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಹರಡುತ್ತದೆ. ರೋಗಿ ಕೋಣೆ ಬಿಟ್ಟು ಹೋದರೂ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿರಬಲ್ಲದು. ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಮಗು ಸೋಂಕು ಹರಡಲು ಶುರುಮಾಡುತ್ತದೆ, ಅಂದರೆ ‘ಕಾಯಿಲೆ ಕಂಡರೆ ಮನೆಯಲ್ಲಿಟ್ಟುಕೊಳ್ಳುತ್ತೇವೆ’ ಎನ್ನುವ ಹೊತ್ತಿಗೆ ತಡವಾಗಿರುತ್ತದೆ. ಇದನ್ನು ತಡೆಯಲು ನೂರಕ್ಕೆ ಸುಮಾರು 95 ಮಂದಿಗೆ ರಕ್ಷಣೆ ಬೇಕು. ಮೊದಲ ಡೋಸಿನಿಂದ ನೂರರಲ್ಲಿ ಸುಮಾರು 93 ಮಕ್ಕಳಿಗೆ, ಎರಡರಿಂದ ಸುಮಾರು 97 ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ಎರಡನೆಯದು ಇರುವುದು ಮುಖ್ಯವಾಗಿ ಮೊದಲನೆಯದು ಹತ್ತದೇ ಹೋದ ಮಕ್ಕಳಿಗಾಗಿ. 400 ಮಕ್ಕಳ ಶಾಲೆಯಲ್ಲಿ 40 ಮಂದಿಗೆ ಲಸಿಕೆ ಆಗಿಲ್ಲ ಎನ್ನಿ. ಲಸಿಕೆ ಆಗಿಯೂ ಹತ್ತದ ಹತ್ತು ಹನ್ನೊಂದು ಮಕ್ಕಳು ಸೇರಿ ಸುಮಾರು 50 ಮಕ್ಕಳು ಬಯಲಿನಲ್ಲಿರುತ್ತಾರೆ. ಜಿಲ್ಲೆಯ ಸರಾಸರಿ 96 ಇದ್ದರೂ ಆ ಶಾಲೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಶಾಲೆಯಲ್ಲಿ ಒಂದು ಪ್ರಕರಣ ಕಂಡರೆ ಗಡಿಯಾರ ನೋಡಿ ಕೆಲಸ ಮಾಡಬೇಕು. ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗ ತಪ್ಪುವ, ಇಲ್ಲವೇ ಹಗುರಾಗುವ ಸಾಧ್ಯತೆ ಇದೆ. ಲಸಿಕೆಯೇ ಆಗದ ಮಕ್ಕಳನ್ನು ಸಾಮಾನ್ಯವಾಗಿ ಕೊನೆಯ ಸಂಪರ್ಕದಿಂದ 21 ದಿನ ಶಾಲೆಯಿಂದ ಹೊರಗಿಡುತ್ತಾರೆ. ಹೊಸ ಪ್ರಕರಣ ಕಂಡರೆ ಎಣಿಕೆ ಮೊದಲಿನಿಂದ. ಹೆತ್ತವರಿಗೆ ಈ 21 ದಿನದ ನಿಯಮವನ್ನು ಪ್ರವೇಶದ ದಿನವೇ ಬರೆದು ಕೊಡುವುದು ವಾಸಿ. ಗಲಾಟೆ ಆದ ಮೇಲೆ ಹೇಳಿದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ.

ತಪ್ಪುಗಳ ಪಟ್ಟಿಗೆ ಮತ್ತೆ ಬರೋಣ, ಜಗಳದ ತಿರುಳಿರುವುದು ಅಲ್ಲೇ. 1930ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಶಿಶುಗಳಿಗೆ ಬಾಯಿಯ ಮೂಲಕ ಕೊಟ್ಟ, ಕ್ಷಯ ತಡೆಯುವ ಬಿಸಿಜಿ ಲಸಿಕೆಗೆ ಪ್ರಯೋಗಾಲಯದಲ್ಲಿ ನಿಜವಾದ ಕ್ಷಯದ ಜೀವಾಣು ಬೆರೆತು 70ಕ್ಕೂ ಹೆಚ್ಚು ಮಕ್ಕಳು ಸತ್ತರು. 1955ರಲ್ಲಿ ಅಮೆರಿಕದ ಕಟರ್ ಕಂಪನಿಯ ಪೋಲಿಯೊ ಲಸಿಕೆಯ ಕೆಲವು ಕಂತುಗಳಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲ. 200ರಷ್ಟು ಜನರಿಗೆ ಲಕ್ವ ಹೊಡೆಯಿತು, 10 ಮಂದಿ ತೀರಿಕೊಂಡರು. ಸರ್ಕಾರ ಕೆಲವೇ ದಿನಗಳಲ್ಲಿ ಆ ಕಂಪನಿಯ ಲಸಿಕೆಯನ್ನು ವಾಪಸ್ ತರಿಸಿ, ತಯಾರಿಕೆ ಮತ್ತು ಪರೀಕ್ಷೆಯ ನಿಯಮ ಬಿಗಿ ಮಾಡಿ, ಕಾರ್ಯಕ್ರಮ ಮತ್ತೆ ನಡೆಸಿತು. ಜನ ಲಸಿಕೆ ಹಾಕಿಸಿಕೊಳ್ಳುವುದನ್ನು ಬಿಡಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾ. ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ಕರಗಿಸುವ ದ್ರಾವಣ ಬೇರೆ ಸೀಸೆಯಲ್ಲಿ. 2018ರ ಜುಲೈನಲ್ಲಿ ನರ್ಸ್‌ಗಳು ದ್ರಾವಣದ ಬದಲು ಅವಧಿ ಮುಗಿದ ಸ್ನಾಯು ಸಡಿಲಿಸುವ ಔಷಧ ಬೆರೆಸಿ ಚುಚ್ಚಿದರು. ಇಬ್ಬರು ಶಿಶುಗಳು ನಿಮಿಷಗಳಲ್ಲಿ ಸತ್ತವು. ಲಸಿಕೆಯಲ್ಲಿ ದೋಷವಿರಲಿಲ್ಲ. ಆದರೆ ಕಾರ್ಯಕ್ರಮವನ್ನೇ ತಿಂಗಳುಗಟ್ಟಲೆ ನಿಲ್ಲಿಸಲಾಯಿತು. ಆ ನಿಶ್ಶಬ್ದದಲ್ಲಿ ವದಂತಿ ಬೆಳೆದು ಮೊದಲ ಡೋಸ್ ಪಡೆದ ಶಿಶುಗಳ ಪ್ರಮಾಣ ಮೂರನೇ ಒಂದು ಭಾಗಕ್ಕೆ ಬಂತು. 2019ರ ಕೊನೆಗೆ ದಡಾರ ಬಂದಾಗ, ಎರಡು ಲಕ್ಷ ಜನಸಂಖ್ಯೆಯ ದೇಶದಲ್ಲಿ 5,700 ಮಂದಿಗೆ ತಗುಲಿ 83 ಮಂದಿ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನವರು. ಶಾಲೆಗಳು ಮುಚ್ಚಿದವು. ಲಸಿಕೆ ಆಗದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಸರ್ಕಾರ ಹೇಳಿತು, ತಂಡಗಳು ಮನೆಮನೆಗೆ ಹೋದವು.

ಇಂಥ ಘಟನೆಯಾದಾಗ ಮೊದಲು ಕೇಳಬೇಕಾದ ಪ್ರಶ್ನೆ: ಚುಚ್ಚಿದ ಎಷ್ಟು ಹೊತ್ತಿಗೆ? ತೀವ್ರ ಅಲರ್ಜಿಯಾದರೆ ಸಾಮಾನ್ಯವಾಗಿ ನಿಮಿಷಗಳಲ್ಲೇ ಗೊತ್ತಾಗುತ್ತದೆ. 15ರಿಂದ 30 ನಿಮಿಷ ಕಾದು ಹೋಗಿ ಎನ್ನುವುದು, ಅಲರ್ಜಿಯ ತುರ್ತು ಔಷಧವಾದ ಅಡ್ರಿನಲಿನ್ ಕೈಗೆಟುಕುವಂತೆ ಇಡುವುದು ಇದಕ್ಕೇ. ಪುಡಿ ಕರಗಿಸಿದ ಸೀಸೆಯಲ್ಲಿ ಜೀವಾಣು ತಡೆಯುವ ರಾಸಾಯನಿಕ ಇರುವುದಿಲ್ಲ. ಹಾಗಾಗಿ ಆರು ಗಂಟೆಯೊಳಗೆ, ಅಥವಾ ಶಿಬಿರ ಮುಗಿದಾಗ, ಯಾವುದು ಮೊದಲೋ ಆಗ ಎಸೆಯಬೇಕು. ಉಳಿದದ್ದನ್ನು ಮರುದಿನ ಬಳಸಿದರೆ ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ, ವಿಪರೀತ ಜ್ವರ ತರುತ್ತದೆ. ಅದೂ ಒಂದೇ ಸೀಸೆಯಿಂದ ಹಾಕಿಸಿಕೊಂಡ ಹಲವು ಮಕ್ಕಳಿಗೆ ಒಟ್ಟಿಗೆ. ದಡಾರ ಲಸಿಕೆಯದ್ದೇ ಆದ ಜ್ವರ ಬರುವುದು ಸುಮಾರು 7ರಿಂದ 12 ದಿನದ ನಂತರ. ಜ್ವರದಿಂದ ಫಿಟ್ಸ್ ಬರುವುದು ಮೂರು ನಾಲ್ಕು ಸಾವಿರ ಡೋಸಿಗೆ ಒಂದರಷ್ಟು. ಇದನ್ನು ಮೊದಲೇ ಹೇಳಿದರೆ ತಾಯಿ ಎಂಟನೇ ದಿನ ಗಾಬರಿಯಾಗುವುದಿಲ್ಲ. ಹೇಳದಿದ್ದರೆ ಅವಳು ತನ್ನದೇ ತೀರ್ಮಾನಕ್ಕೆ ಬರುತ್ತಾಳೆ.

ಕಾಕತಾಳೀಯಗಳ ಕತೆ ಇನ್ನೂ ಜಟಿಲ. 1974ರಲ್ಲಿ ಬ್ರಿಟನ್ನಿನಲ್ಲಿ ನಾಯಿಕೆಮ್ಮಿನ ಲಸಿಕೆಯಿಂದ ಮಿದುಳಿಗೆ ಹಾನಿ ಎಂಬ ವರದಿ ಬಂದು, ಲಸಿಕೆ ಪ್ರಮಾಣ ನೂರಕ್ಕೆ 80ರ ಹತ್ತಿರದಿಂದ 30ಕ್ಕೆ ಇಳಿಯಿತು. ನಾಯಿಕೆಮ್ಮು ದೊಡ್ಡದಾಗಿ ಮರಳಿತು. ಜಪಾನಿನಲ್ಲೂ ಅದೇ ಆಗಿ 1979ರಲ್ಲಿ 41 ಸಾವು. ಆ ಹಳೆಯ ಲಸಿಕೆ ಜ್ವರ, ಬಾವು ತರುತ್ತಿದ್ದುದು ನಿಜ. 1981ರಲ್ಲಿ ಜಪಾನೇ ಹಗುರವಾದ ಹೊಸ ಲಸಿಕೆ ತಂದಿತು. ಮಿದುಳಿನ ಹಾನಿಯ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದ್ದು 2006ರಲ್ಲಿ. ಲಸಿಕೆಯೇ ಕಾರಣ ಎನ್ನಲಾದ 14 ಮಂದಿಯನ್ನು ಪರೀಕ್ಷಿಸಿದಾಗ 11 ಮಂದಿಯಲ್ಲಿ ಎಸ್‌ಸಿಎನ್1ಎ ಎಂಬ ಜೀನಿನ ದೋಷ ಕಂಡಿತು. ಹುಟ್ಟಿನಿಂದ ಇದ್ದ ಕಾಯಿಲೆ, ಮೊದಲ ಫಿಟ್ಸ್ ಬರುವ ವಯಸ್ಸೂ ಲಸಿಕೆಯ ವಯಸ್ಸೂ ಒಂದೇ. ಉತ್ತರ ಬರಲು ಮೂವತ್ತು ವರ್ಷ ಹಿಡಿಯಿತು, ಅಷ್ಟರಲ್ಲಿ ದಡಾರ ಸೇರಿದ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ, 12 ಮಕ್ಕಳ ಮೇಲಿನ 1998ರ ಲೇಖನ ತನ್ನ ಹಾನಿ ಮಾಡಿಯಾಗಿತ್ತು. ಅದನ್ನು ಪತ್ರಿಕೆ ಹಿಂದೆಗೆದುಕೊಂಡದ್ದು 2010ರಲ್ಲಿ. ಡೆನ್ಮಾರ್ಕಿನ 6,57,461 ಮಕ್ಕಳ ಅಧ್ಯಯನ 2019ರಲ್ಲಿ ಆಟಿಸಂ ಜೊತೆ ಯಾವ ನಂಟೂ ಇಲ್ಲವೆಂದಿತು.

ಈಚಿನ ಕಾನೂನುಗಳಲ್ಲಿ ಶಾಲೆ ಒಂದೇ ಬಗೆಯ ಬಾಗಿಲಲ್ಲ. ಕ್ಯಾಲಿಫೋರ್ನಿಯಾ 2016ರ ಜುಲೈನಿಂದ ನಂಬಿಕೆಯ ವಿನಾಯಿತಿಯನ್ನೇ ಕಿತ್ತುಹಾಕಿತು. ಕೂಡಲೇ ವೈದ್ಯಕೀಯ ವಿನಾಯಿತಿ ಪತ್ರಗಳು ಏರಿದವು, ಅದನ್ನು ತಡೆಯಲು 2019ರಲ್ಲಿ ಇನ್ನೊಂದು ಕಾಯ್ದೆ. ಇಟಲಿ 2017ರಲ್ಲಿ ಲಸಿಕೆ ಆಗದ, ಆರು ವರ್ಷದೊಳಗಿನವರಿಗೆ ಶಿಶುವಿಹಾರದ ಬಾಗಿಲು ಮುಚ್ಚಿತು, ದೊಡ್ಡ ಮಕ್ಕಳ ಹೆತ್ತವರಿಗೆ ದಂಡ ಇಟ್ಟಿತು. ಜರ್ಮನಿಯ 2020ರ ದಡಾರ ಕಾಯ್ದೆಯೂ ಹೀಗೆಯೇ: ಶಿಶುವಿಹಾರಕ್ಕೆ ಸೇರಿಸಿಕೊಳ್ಳದಿರಬಹುದು, ಶಾಲೆಯಿಂದ ಹೊರಗಿಡುವಂತಿಲ್ಲ, ಏಕೆಂದರೆ ಶಾಲೆಗೆ ಹೋಗುವುದೂ ಅಲ್ಲಿ ಕಡ್ಡಾಯ. ದಂಡ 2,500 ಯೂರೋವರೆಗೆ. ಮಗುವಿನ ಓದಿನ ಹಕ್ಕನ್ನು ಹೆತ್ತವರ ನಿರ್ಧಾರಕ್ಕೆ ಒತ್ತೆಯಿಡದ ಈ ಕ್ರಮ ಹೆಚ್ಚು ನ್ಯಾಯವಾದದ್ದು. ಆದರೆ ಹಣವಿದ್ದವರು ದಂಡ ಕಟ್ಟಿ ಸುಮ್ಮನಿರುವ ಹಳೆಯ ಬ್ರಿಟಿಷ್ ತೊಂದರೆ ಇಲ್ಲೂ ಇಲ್ಲದಿಲ್ಲ.

ಅದೇ ಜರ್ಮನ್ ಕಾಯ್ದೆ 1970ರ ನಂತರ ಹುಟ್ಟಿದ ಶಿಕ್ಷಕರು, ಆಸ್ಪತ್ರೆ ಸಿಬ್ಬಂದಿಗೂ ದಡಾರದ ರಕ್ಷಣೆಯ ಪುರಾವೆ ಕೇಳುತ್ತದೆ. ಹೀಗೆ ಜಗಳ ಶಾಲೆಯಿಂದ ಉದ್ಯೋಗಕ್ಕೆ ದಾಟಿತು. ಕೋವಿಡ್ ಕಾಲದಲ್ಲಿ ಅದು ಕಾವೇರಿತು. ಇಂಗ್ಲೆಂಡಿನ ವೃದ್ಧಾಶ್ರಮಗಳಲ್ಲಿ 2021ರ ನವೆಂಬರ್ 11ರಿಂದ ಲಸಿಕೆ ಇಲ್ಲದವರಿಗೆ ಕೆಲಸವಿಲ್ಲ ಎಂದಾಯಿತು, ಎಷ್ಟೋ ಅನುಭವಸ್ಥರು ಕೆಲಸ ಬಿಟ್ಟರು, 2022ರ ಮಾರ್ಚ್ 15ಕ್ಕೆ ನಿಯಮವೇ ರದ್ದಾಯಿತು. ಅಷ್ಟರಲ್ಲಿ ಬಂದಿದ್ದ ರೂಪಾಂತರಿಯ ಹರಡುವಿಕೆಯನ್ನು ಆ ಲಸಿಕೆ ಹೆಚ್ಚು ತಡೆಯುತ್ತಿರಲಿಲ್ಲ.

ಇದರ ಪಕ್ಕದಲ್ಲಿ, ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ರೋಗದ ಲಸಿಕೆ ನಿಯಮವನ್ನು ಇಟ್ಟು ನೋಡಬೇಕು. ಸೂಜಿ ಚುಚ್ಚಿಕೊಂಡು ಸೋಂಕು ತಗುಲುವ ಅಪಾಯ ನರ್ಸ್‌ಗಳಿಗೆ, ಲ್ಯಾಬ್ ಸಿಬ್ಬಂದಿಗೆ ದಿನನಿತ್ಯದ್ದು. ಡೋಸ್ ಸಾಮಾನ್ಯವಾಗಿ ಮೂರು: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕೊನೆಯದಾದ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಪ್ರತಿಕಾಯ ಲೀಟರಿಗೆ 10 ಯೂನಿಟ್ ದಾಟಿದೆಯೇ ನೋಡುತ್ತಾರೆ. ಅಮೆರಿಕದ 1991ರ ನಿಯಮದ ಪ್ರಕಾರ ಇಂಥ ಕೆಲಸಕ್ಕೆ ಸೇರಿದ ಹತ್ತು ಕೆಲಸದ ದಿನಗಳೊಳಗೆ ಲಸಿಕೆಯನ್ನು ಮಾಲೀಕರೇ ಉಚಿತವಾಗಿ ಒದಗಿಸಬೇಕು. ಬೇಡ ಎನ್ನುವವರು ಅಪಾಯ ತಿಳಿದಿದೆ ಎಂಬ ನಿಗದಿತ ನಮೂನೆಗೆ ಸಹಿ ಹಾಕಬೇಕು. ಕೆಲಸ ಹೋಗುವುದಿಲ್ಲ. ಆ ಅಪಾಯದ ಕೆಲಸದಲ್ಲಿ ಇರುವಷ್ಟು ಕಾಲ, ಸಹಿ ಹಾಕಿದವರು ಮನಸ್ಸು ಬದಲಿಸಿದರೆ ಆಗಲೂ ಮಾಲೀಕರು ದುಡ್ಡು ಕೇಳದೆ ಲಸಿಕೆ ಹಾಕಿಸಲೇಬೇಕು.